ಬಿಸಿನೀರಿನ ತಂಬಿಗೆ

ಬಾಳ್ಳುಪೇಟೆ
18 ಆಗಸ್ಟ್ 2024

ಆಶಾ,

ಕ್ಷೇಮ ಕೇಳುವ ಕಾಗದವಲ್ಲ ಇದು. ರಾಜಿ ಮಾಡಿಕೊಳ್ಳುವುದಕ್ಕೂ ಬರೆದದ್ದಲ್ಲ. ದಿನಕ್ಕೆ ಅರ್ಧ ಪುಟ ಕೈಯಲ್ಲಿ ಬರೆಯಬೇಕು, ಇಲ್ಲದಿದ್ದರೆ ಬೆರಳುಗಳು ಮಡಚಿಕೊಂಡಲ್ಲೇ ನಿಂತುಬಿಡುತ್ತವೆ ಎಂದು ಹಾಸನದ ಆಸ್ಪತ್ರೆಯಲ್ಲಿ ವ್ಯಾಯಾಮ ಹೇಳಿಕೊಡುವ ಧನುಶ್ರೀ ಎನ್ನುವವರು ಹೇಳಿದ್ದಾರೆ. ಪೆನ್ಸಿಲಿಗೆ ಹಳೇ ಪಂಚೆಯ ಚೂರು ಸುತ್ತಿ, ಹಿಡಿಯಲು ಬರುವಷ್ಟು ದಪ್ಪ ಮಾಡಿಕೊಟ್ಟಿದ್ದಾರೆ. ಏನು ಬರೆಯಲಿ ಎಂದು ಕೇಳಿದೆ. ಯಾರಿಗಾದರೂ ಕಾಗದ ಬರೆಯಿರಿ ಎಂದರು. ಒಂದು ವಾರ ಓಂ ನಮಃ ಶಿವಾಯ ಬರೆದೆ. ಬೇಜಾರಾಯಿತು. ಆಮೇಲೆ ನಿನ್ನ ಹೆಸರು ಬರೆದೆ.

ಫೋನು ಮಾಡಬಹುದಿತ್ತು. ನೀನು ಎತ್ತುವುದಿಲ್ಲ, ಅದಿರಲಿ. ನನ್ನ ಬೆರಳು ಮುಟ್ಟಿದರೆ ಫೋನಿಗೇ ಗೊತ್ತಾಗುವುದಿಲ್ಲ. ತುದಿ ಅಷ್ಟು ಗಟ್ಟಿಯಾಗಿದೆ. ನಿಮ್ಮಣ್ಣ ಗೊಬ್ಬರದ ಅಂಗಡಿಯಿಂದ ಎದ್ದು ಬಂದು ನಂಬರು ಒತ್ತಿಕೊಡಬೇಕು.

ಜೂನ್‌ನಲ್ಲಿ ನನ್ನ ಕಾಯಿಲೆಗೆ ಹೆಸರು ಸಿಕ್ಕಿತು. ಸಿಸ್ಟಮಿಕ್ ಸ್ಕ್ಲೀರೋಸಿಸ್. ಚರ್ಮ ಬಿಗಿಯುತ್ತಾ ಹೋಗುತ್ತದೆ, ಮೈಯೊಳಗೂ ಬಿಗಿಯಬಹುದಂತೆ. ಅಂಟುವುದಿಲ್ಲ. ವಾಸಿಯಾಗುತ್ತದೆಯೇ ಎಂದರೆ, ತಡೆಯಲು ನೋಡೋಣ ಎಂದರು ಡಾಕ್ಟರು. ನಾಲ್ಕು ವರ್ಷದಿಂದ ನನಗೆ ಚಳಿ ಆಗಿಬರುವುದಿಲ್ಲ ಎಂದು ನಾವೆಲ್ಲ ಅಂದುಕೊಂಡಿದ್ದೆವಲ್ಲ, ಅದು ಇದೇ.

ಜನವರಿ ಹನ್ನೊಂದರಂದು, ತೀರಿಕೊಂಡ ಮಾವನವರನ್ನು ಕೂರಿಸಿದ್ದ ಕಡೆ, ನೆಂಟರೆಲ್ಲರ ಎದುರಿಗೆ ನೀನು ಆಡಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. “ನಮ್ಮಪ್ಪ ಸತ್ತು ಕುಂತವ್ರೆ. ನಿನ್ ಕಣ್ಣಲ್ಲಿ ಒಂದ್ ಹನಿ ನೀರಿಲ್ವಲ್ಲೇ, ಕಲ್ಲು.” ಆವತ್ತಿನಿಂದ ನೀನು ಈ ಮನೆ ಹೊಸಿಲು ತುಳಿದಿಲ್ಲ. ಏಳು ತಿಂಗಳು. ಸಕಲೇಶಪುರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವು, ನಿಮ್ಮಣ್ಣನಿಗೆ ನನ್ನನ್ನು ತೋರಿಸಿದವಳೂ ನೀನೇ.

ಅರ್ಧ ಪುಟ ದಾಟಿತು. ಬೆರಳ ತುದಿಯ ಹುಣ್ಣು ಪೆನ್ಸಿಲಿಗೆ ತಾಗುತ್ತಿದೆ. ಸಾಕು.

ನೇತ್ರಾವತಿ


ಬಾಳ್ಳುಪೇಟೆ
3 ಸೆಪ್ಟೆಂಬರ್ 2024

ಆಶಾ,

ಉತ್ತರ ಬರಲಿಲ್ಲ. ಬರುತ್ತದೆ ಎಂದುಕೊಂಡೂ ಇರಲಿಲ್ಲ. ವ್ಯಾಯಾಮ ನಡೆಯಬೇಕಲ್ಲ, ಬರೆಯುತ್ತಿದ್ದೇನೆ.

ಆಸ್ಪತ್ರೆಯಲ್ಲಿ ಒಂದು ರಟ್ಟು ತೋರಿಸುತ್ತಾರೆ. ಅದರಲ್ಲಿ ಸಾಲಾಗಿ ಆರು ಮುಖ. ಮೊದಲನೆಯದು ನಗುತ್ತಿರುತ್ತದೆ, ಕೊನೆಯದು ಅಳುತ್ತಿರುತ್ತದೆ. ನಿಮ್ಮ ನೋವು ಯಾವ ಮುಖದಷ್ಟಿದೆ, ಬೆರಳಿಟ್ಟು ತೋರಿಸಿ ಎನ್ನುತ್ತಾರೆ. ನಾನು ಐದನೆಯದನ್ನು ತೋರಿಸಿದೆ. ಅಲ್ಲಿದ್ದ ಸಣ್ಣ ಡಾಕ್ಟರು ನನ್ನ ಮುಖ ನೋಡಿ, ಮತ್ತೆ ರಟ್ಟು ನೋಡಿ, ಸರಿಯಾಗಿ ಯೋಚನೆ ಮಾಡಿ ಹೇಳಿಯಮ್ಮ ಎಂದರು. ಅವರದೇನೂ ತಪ್ಪಿಲ್ಲ. ಈಗ ನನ್ನ ಮುಖದಲ್ಲಿ ಗೆರೆ ಬೀಳುವುದಿಲ್ಲ. ಹುಬ್ಬು ಗಂಟಿಕ್ಕಲು ಚರ್ಮ ಸಡಿಲವಿಲ್ಲ. ನಕ್ಕರೂ ಅಷ್ಟೇ, ನೊಂದರೂ ಅಷ್ಟೇ, ಒಂದೇ ಮುಖ. ಸಂತೆಯಲ್ಲಿ ಸಿಕ್ಕಿದ ಚಿನ್ನಮ್ಮ, ಏನಕ್ಕ, ಹತ್ತು ವರ್ಷ ಚಿಕ್ಕವಳಾಗಿದ್ದೀಯ, ಯಾವ ಕ್ರೀಮು ಎಂದು ಕೇಳಿದಳು. ದುಬಾರಿ ಕ್ರೀಮು ಎಂದೆ.

ನೋವು ಹೇಗಿರುತ್ತದೆ ಎಂದು ನೀನು ಕೇಳಿಲ್ಲ. ಆದರೂ ಹೇಳುತ್ತೇನೆ. ತಣ್ಣೀರು ತಾಗಿದ ಕೂಡಲೇ ಬೆರಳು ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಆಗ ನೋವಿಲ್ಲ, ಬೆರಳೇ ಇಲ್ಲ. ಆಮೇಲೆ ನೀಲಿಗೆ ತಿರುಗುತ್ತದೆ. ಆಮೇಲೆ ರಕ್ತ ವಾಪಸು ಬರುತ್ತದೆ. ನೋವು ಇರುವುದು ಆಗ. ಉಗುರಿನ ಕೆಳಗೆ ಕೆಂಡ ತುರುಕಿದಂತೆ ಕಾಲು ಗಂಟೆ, ಅರ್ಧ ಗಂಟೆ. ಆ ಹೊತ್ತಿನಲ್ಲಿ ಯಾರಾದರೂ ಅಂಗಡಿಗೆ ಬಂದು ಯೂರಿಯಾ ಇದೆಯಾ ಎಂದರೆ ಇದೆ ಎನ್ನುತ್ತೇನೆ. ಅವರು ನನ್ನ ಮುಖ ನೋಡಿ ಹಣ ಕೊಟ್ಟು ಹೋಗುತ್ತಾರೆ.

ಜನವರಿಯಲ್ಲಿ ಮಾವನವರ ವರ್ಷದ ಪೂಜೆ. ಅದೇ ನೆಂಟರು ಬರುತ್ತಾರೆ. ಹೆತ್ತೂರಿನಿಂದ ನಿಮ್ಮ ಸೋದರತ್ತೆ ಮಾದೇವಮ್ಮನವರು ಬರುತ್ತಾರೆ. ನೀನು ಆಡಿದ ಮಾತನ್ನು ಅವರು ಊರೂರಿಗೆ ಹೊತ್ತಿದ್ದಾರೆ. ಅವರೆಲ್ಲರ ನಡುವೆ ನಾನು ಇದೇ ಮುಖ ಇಟ್ಟುಕೊಂಡು ಕೂರಬೇಕು. ನೀನು ಬಂದು ಪಕ್ಕದಲ್ಲಿ ಕೂತರೆ ಯಾರೂ ತುಟಿ ಬಿಚ್ಚುವುದಿಲ್ಲ. ನೀನು ಬರದಿದ್ದರೆ ನಾನು ಹೊರಗೆ ಬರುವವಳಲ್ಲ, ಒಳಗೇ ಇರುತ್ತೇನೆ. ಬಾ ಎಂದು ಕೇಳಲು ಬರೆದದ್ದಲ್ಲ. ಓದಿ ನೋಡಿದರೆ ಕೇಳಿದ ಹಾಗೇ ಇದೆ.

ನೇತ್ರಾವತಿ


ಹೊಂಗಡಹಳ್ಳ
22 ಸೆಪ್ಟೆಂಬರ್ 2024

ಅತ್ತಿಗೆಯವರಿಗೆ,

ನಿಮ್ಮ ಎರಡೂ ಕಾಗದ ತಲುಪಿದವು. ಕಾಯಿಲೆಯ ವಿಷಯ ಅಣ್ಣನಿಂದ ಮೊದಲೇ ಗೊತ್ತಾಗಿತ್ತು. ಕೇಳಿ ಕೆಡುಕೆನಿಸಿತು. ಔಷಧಿ ಬಿಡಬೇಡಿ.

ಆದರೆ ಹಳೆಯದನ್ನು ನೀವೇ ಎತ್ತಿದ್ದರಿಂದ ನಾನೂ ಹೇಳಿಬಿಡುತ್ತೇನೆ. ಅಪ್ಪನಿಗೆ ಕೊನೆಯ ಮಜ್ಜನ ಮಾಡಿಸುವಾಗ ನಾನು ತಂಬಿಗೆ ಹಿಡಿದು ನಿಮ್ಮನ್ನು ಕರೆದೆ. ಒಂದು ಸಲವಲ್ಲ, ಮೂರು ಸಲ. ನೀವು ಎರಡೂ ಕೈ ಶಾಲಿನೊಳಗೆ ಇಟ್ಟುಕೊಂಡು ನನ್ನನ್ನೇ ನೋಡಿದಿರಿ. ಆಮೇಲೆ ಒಳಗೆ ಹೋಗಿಬಿಟ್ಟಿರಿ. ಅವರು ನಿಮ್ಮನ್ನು ನನಗಿಂತ ಹೆಚ್ಚಾಗಿ ನೋಡಿಕೊಂಡಿದ್ದರು. ಮಗಳಾಗಿ ನನಗೆ ಅದರಿಂದ ಹೊಟ್ಟೆಕಿಚ್ಚೂ ಆಗಿತ್ತು, ಸುಳ್ಳು ಹೇಳುವುದಿಲ್ಲ. ಅಂಥವರಿಗೆ ಒಂದು ತಂಬಿಗೆ ನೀರು ಹಾಕಲು ನಿಮ್ಮಿಂದ ಆಗಲಿಲ್ಲ.

ಇನ್ನೊಂದು. ನಮ್ಮ ಮನೆಯಲ್ಲಿ ತಲೆತಲಾಂತರದಿಂದ ಬೆಳಿಗ್ಗೆ ಲಿಂಗಪೂಜೆಗೆ ಆಗಷ್ಟೇ ಹಿಡಿದ ತಣ್ಣೀರೇ. ಕೊನೆಯ ಮೂರು ವರ್ಷ ಅಪ್ಪ ಅದನ್ನೂ ಬಿಟ್ಟು ಬಿಸಿನೀರಿನ ತಂಬಿಗೆ ಇಡಿಸಲು ಶುರು ಮಾಡಿದರು. ಅಮ್ಮ ಎಷ್ಟು ನೊಂದುಕೊಂಡರು ಎಂದು ನನಗೆ ಗೊತ್ತು. ನಾನೇ ಅಪ್ಪನ ಮೇಲೆ ರೇಗಿದ್ದೆ, ಸೊಸೆ ಬಂದ ಮೇಲೆ ಸುಖ ಜಾಸ್ತಿಯಾಯಿತು ಎಂದು. ಅವರು ನಕ್ಕುಬಿಟ್ಟರು.

ಕೈ ನೋವು ಅಂದರೆ ನಂಬುತ್ತೇನೆ. ಅಳುವುದಕ್ಕೆ ಕೈ ಬೇಕಾಗಿಲ್ಲ. ಪೂಜೆಯ ವಿಷಯ ಆಮೇಲೆ ನೋಡೋಣ. ಆಗ ಕಾಫಿ ಕುಯ್ಲು ಇರುತ್ತದೆ.

ಆಶಾ


ಬಾಳ್ಳುಪೇಟೆ
6 ಅಕ್ಟೋಬರ್ 2024

ಆಶಾ,

ನೀನು ನನ್ನನ್ನು ಬಹುವಚನದಲ್ಲಿ ಕರೆದದ್ದು ಇದೇ ಮೊದಲು. ನೆಂಟರ ಮುಂದೆ ಅತ್ತಿಗೆ ಎನ್ನುತ್ತಿದ್ದೆ, ಅದೂ ನಗು ತಡೆದುಕೊಂಡು.

ಅಳುವ ವಿಷಯ. ಡಾಕ್ಟರು ನನ್ನ ಕೆಳರೆಪ್ಪೆಗೆ ಸಣ್ಣ ಕಾಗದದ ಪಟ್ಟಿ ಸಿಕ್ಕಿಸಿ ಐದು ನಿಮಿಷ ಬಿಟ್ಟರು. ತೆಗೆದಾಗ ಒಣಗಿಯೇ ಇತ್ತು. ಈ ಕಾಯಿಲೆಯಲ್ಲಿ ಕೆಲವರಿಗೆ ಕಣ್ಣಿನ ನೀರೂ ಬಾಯಿಯ ನೀರೂ ಬತ್ತುತ್ತದಂತೆ. ಈಗ ದಿನಕ್ಕೆ ನಾಲ್ಕು ಸಲ ಬಾಟಲಿಯ ನೀರು ಕಣ್ಣಿಗೆ ಬಿಡಬೇಕು. ಬಾಟಲಿ ಹಿಸುಕಲು ನನಗೆ ಬರುವುದಿಲ್ಲ, ನಿಮ್ಮಣ್ಣ ಹಾಕುತ್ತಾರೆ.

ಇಷ್ಟು ಹೇಳಿ ಗೆದ್ದೆ ಎಂದು ನಿಲ್ಲಿಸಬಹುದಿತ್ತು. ಆದರೆ ನಿನಗೆ ಸುಳ್ಳು ಬರೆಯಲು ಈ ಕೈ ನೋಯಿಸಿಕೊಳ್ಳಲಾರೆ. ಕಣ್ಣಲ್ಲಿ ನೀರು ಇದ್ದಿದ್ದರೆ ಆವತ್ತು ಅಳುತ್ತಿದ್ದೆನೇ? ಗೊತ್ತಿಲ್ಲ. ಆ ದಿನ ನನಗೆ ಏನೂ ಅನ್ನಿಸಲಿಲ್ಲ. ಒಳಗೆ ಹೋಗಿ ಕೈ ನೋಡಿಕೊಂಡೆ. ಬೆಳ್ಳಗಿತ್ತು. ಒಳಗೂ ಹಾಗೇ ಇತ್ತು. ನೋವು ತುಂಬ ದಿನ ಜೊತೆಯಲ್ಲಿದ್ದರೆ ಬೇರೆಯದಕ್ಕೆ ಜಾಗ ಇರುವುದಿಲ್ಲವೇನೋ. ಅದನ್ನು ನೀನು ಕಲ್ಲು ಎಂದೆ. ನನಗೂ ಬೇರೆ ಪದ ಸಿಕ್ಕಿಲ್ಲ.

ಬಿಸಿನೀರಿನ ವಿಷಯ ಬಿಡು. ವಯಸ್ಸಾದವರು, ಮಾಡಿಕೊಂಡರು. ಈಗ ಅತ್ತೆ ಮತ್ತೆ ತಣ್ಣೀರಿನ ತಂಬಿಗೆಯನ್ನೇ ಇಡುತ್ತಾರೆ. ಎಡಗೈಯ ತೋರುಬೆರಳ ತುದಿ ಕಪ್ಪಾಗಿದೆ. ಅಂಗೈ ಪೂರ್ತಿ ಬಿಚ್ಚುವುದಿಲ್ಲ, ಆದರೆ ಲಿಂಗ ಜಾರದಂತೆ ಹಿಡಿದುಕೊಳ್ಳುವಷ್ಟು ಮಡಚಿದೆ. ಅದೊಂದು ಅನುಕೂಲ.

ನೇತ್ರಾವತಿ


ಹೊಂಗಡಹಳ್ಳ
14 ನವೆಂಬರ್ 2024

ನೇತ್ರಾ,

ಒಂದು ತಿಂಗಳು ತಡವಾಯಿತು. ಬರೆದು ಬರೆದು ಹರಿದು ಹಾಕಿದೆ.

ಮೊನ್ನೆ ಬೆಳಿಗ್ಗೆ ಚಳಿ ಇತ್ತು. ನಮ್ಮ ತೋಟದ ಸಿದ್ದು ಹಂಡೆ ಕೆಳಗೆ ಬೆಂಕಿ ಹಾಕುತ್ತಾ, ನಿಮ್ಮಪ್ಪಾರು ಇಲ್ಲಿಗೆ ಬಂದಾಗ ಹಂಡೆ ಮುಟ್ಟುತ್ತಿರಲಿಲ್ಲ, ಎಂಥ ಚಳಿಯಲ್ಲೂ ತೊಟ್ಟಿಯ ನೀರಲ್ಲೇ ಮೀಯುತ್ತಿದ್ದರು ಎಂದ. ಹೌದಲ್ಲ ಎಂದು ನಕ್ಕೆ. ಒಳಗೆ ಬಂದು ಕಾಫಿ ಸೋಸುವಾಗ ಕೈ ನಿಂತುಹೋಯಿತು.

ಅಪ್ಪ ಸಾಯುವ ಹಿಂದಿನ ವಾರವೂ ತಣ್ಣೀರಲ್ಲಿ ಮಿಂದವರು. ಅಂಥವರಿಗೆ ಅಂಗೈ ಮೇಲೆ ಹಾಕಿಕೊಳ್ಳುವ ಒಂದು ಹಿಡಿ ನೀರು ಬಿಸಿ ಯಾಕೆ ಬೇಕಿತ್ತು?

ಅಮ್ಮನಿಗೆ ಫೋನು ಮಾಡಿ ಕೇಳಿದೆ. ಪೂಜೆಗೆ ಯಾರು ಎಲ್ಲಿ ಕೂರುತ್ತಿದ್ದರು, ತಂಬಿಗೆ ಎಲ್ಲಿರುತ್ತಿತ್ತು. ಅಮ್ಮ ಹೇಳಿದ್ದು ಇಷ್ಟು. ಅಪ್ಪನೇ ಎದ್ದು ನೀರು ಕಾಯಿಸುತ್ತಿದ್ದರು, ಯಾರಿಗೂ ಬಿಡುತ್ತಿರಲಿಲ್ಲ. ತಂಬಿಗೆಯನ್ನು ತಮ್ಮ ಎಡಗಡೆ ಇಡುತ್ತಿದ್ದರು. ಎಡಗಡೆ ಕೂರುತ್ತಿದ್ದವಳು ನೀನು.

ಅವರು ಕಾಯಿಸುತ್ತಿದ್ದದ್ದು ನಿನಗಾಗಿ ಅಲ್ಲವೇ? ಹೌದು ಅಥವಾ ಇಲ್ಲ, ಒಂದು ಬರೆ. ನನಗೆ ನಿದ್ದೆ ಸರಿಯಾಗಿಲ್ಲ.

ಆಶಾ


ಬಾಳ್ಳುಪೇಟೆ
28 ನವೆಂಬರ್ 2024

ಆಶಾ,

ಹೌದು.

ಇಷ್ಟೇ ಬರೆದು ಕಳಿಸೋಣ ಎಂದುಕೊಂಡಿದ್ದೆ. ಕೈ ಇವತ್ತು ಸ್ವಲ್ಪ ಮಾತು ಕೇಳುತ್ತಿದೆ, ಮುಂದುವರಿಸುತ್ತೇನೆ.

ಎರಡು ಸಾವಿರದ ಇಪ್ಪತ್ತರ ಡಿಸೆಂಬರ್. ಪೂಜೆಗೆ ಕೂತಿದ್ದೆವು. ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ನೀರು ಹಾಕಿದೆ. ಬೆರಳು ಸತ್ತವು. ಅಂಗೈ ಓರೆಯಾದದ್ದು ನನಗೆ ಗೊತ್ತಾಗಲೇ ಇಲ್ಲ. ಲಿಂಗ ಜಾರಿತು. ಮಾವನವರು ಪಕ್ಕದಿಂದ ಕೈ ಚಾಚಿ ಹಿಡಿದುಕೊಂಡರು. ನೆಲಕ್ಕೆ ಬೀಳಲಿಲ್ಲ. ಅತ್ತೆ ಕಣ್ಣು ಮುಚ್ಚಿ ಜಪದಲ್ಲಿದ್ದರು. ಮಾವನವರು ಅದನ್ನು ನನ್ನ ಅಂಗೈಗೆ ವಾಪಸು ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು. ಮಾರನೆಯ ದಿನ ತಂಬಿಗೆ ಬೆಚ್ಚಗಿತ್ತು.

ನಾನು ಅವರ ಹತ್ತಿರ ಹೋಗಿ, ಅತ್ತೆ ಬೇಜಾರು ಮಾಡಿಕೊಳ್ಳುತ್ತಾರೆ, ಬೇಡ ಎಂದೆ. ಅವರು ಅಂದದ್ದು ಹಾಗೇ ಬರೆಯುತ್ತೇನೆ. “ಯಾರ್ಗೂ ಹೇಳ್ಬ್ಯಾಡ ಕಣವ್ವ. ನಂಗೇ ಚಳಿ ಅಂತೀನಿ. ಮುದುಕ್ರು ಏನ್ ಮಾಡಿದ್ರೂ ನಡೀತೈತೆ, ಸೊಸೆ ಮಾಡಿದ್ರೆ ಮಾತಾಗ್ತೈತೆ.” ನಿನ್ನ ಹತ್ತಿರ ಬೈಸಿಕೊಂಡು ಬಂದ ದಿನವೂ ಅವರು ಹಾಗೇ ನೀರು ಕಾಯಿಸಿದರು. ಮೂರು ವರ್ಷ, ಒಂದು ದಿನ ತಪ್ಪಿಸದೆ. ಹೇಳಬೇಡ ಎಂದಿದ್ದರು, ನಾನು ಹೇಳಿರಲಿಲ್ಲ. ನೀನೇ ಕಂಡುಹಿಡಿದೆ, ನನ್ನದೇನಿಲ್ಲ.

ಆವತ್ತು ನೀನು ಮೂರು ಸಲ ಕರೆದೆ. ಬೆಳಗಿನಿಂದ ನೀರಿನ ಕೆಲಸ ಮಾಡಿ ನನ್ನ ಹತ್ತೂ ಬೆರಳು ಮರಗಟ್ಟಿಹೋಗಿದ್ದವು. ತಂಬಿಗೆ ಹಿಡಿದರೆ ಜಾರಿ ಅವರ ಮೇಲೆ ಬೀಳುತ್ತಿತ್ತು. ನನ್ನ ಕೈಯಿಂದ ಬಿದ್ದದ್ದನ್ನು ಹಿಡಿಯುವವರು ಅಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಅದಕ್ಕೆ ಒಳಗೆ ಹೋದೆ.

ಡಿಸೆಂಬರ್ ಒಂಬತ್ತಕ್ಕೆ ಆಸ್ಪತ್ರೆಗೆ ಸೇರಬೇಕು. ತೋರುಬೆರಳ ಕಪ್ಪು ತುದಿ ಉಳಿಯುವುದಿಲ್ಲ, ತೆಗೆಯುತ್ತಾರೆ. ರಟ್ಟಿನಲ್ಲಿ ಈ ಸಲ ಆರನೆಯ ಮುಖ ತೋರಿಸಿದೆ. ಹಿರಿಯ ಡಾಕ್ಟರು ನಂಬಿದರು. ನನ್ನ ಮುಖ ನೋಡಲೇ ಇಲ್ಲ, ಬೆರಳು ನೋಡಿದರು.

ನೇತ್ರಾ


ಹೊಂಗಡಹಳ್ಳ
15 ಡಿಸೆಂಬರ್ 2024

ನೇತ್ರಾ,

ಆಸ್ಪತ್ರೆಗೆ ಬರಬೇಕಿತ್ತು. ಕುಯ್ಲಿಗೆ ಆಳು ಇಲ್ಲ ಎಂದು ಅಣ್ಣನಿಗೆ ಹೇಳಿದೆ. ಅದು ನಿಜ. ಆದರೆ ಆಳುಗಳಿದ್ದಿದ್ದರೂ ನನಗೆ ಮುಖ ಇರಲಿಲ್ಲ. ಇದೂ ನಿಜ.

ಆ ಮಾತನ್ನು ನಾನು ಆಡಬಾರದಿತ್ತು. ಆಡಿದೆ. ಅಷ್ಟು ಜನರ ಮುಂದೆ ಆಡಿದ್ದನ್ನು ಕಾಗದದಲ್ಲಿ ವಾಪಸು ತೆಗೆದುಕೊಂಡರೆ ಏನು ಬಂತು? ಅವರ ಮುಂದೆಯೇ ಬರುತ್ತೇನೆ.

ಅಮ್ಮನಿಗೆ ನಾನು ಏನೂ ಹೇಳಿಲ್ಲ. ಅಪ್ಪ ಹೇಳಬೇಡ ಎಂದಿದ್ದರಲ್ಲ. ಆದರೆ ಆವತ್ತು ಫೋನಿನಲ್ಲಿ ನಾನು ತಂಬಿಗೆಯ ವಿಷಯ ಕೇಳಿದ ಮೇಲೆ ಅಮ್ಮ ತುಂಬ ಹೊತ್ತು ಮಾತಾಡಲಿಲ್ಲ. ಲೈನ್ ಕಟ್ಟಾಯಿತೇನೋ ಎಂದುಕೊಂಡೆ. ಕಟ್ಟಾಗಿರಲಿಲ್ಲ.

ಪೂಜೆ ಜನವರಿ ಹನ್ನೆರಡರ ಭಾನುವಾರ ತಾನೆ? ಬೆಳಗಿನ ಬಸ್ಸಿಗೆ ಬರುತ್ತೇನೆ. ನೀನು ಒಳಗೆ ಕೂರಬೇಡ.

ನಿನ್ನ
ಆಶಾ


ಬಾಳ್ಳುಪೇಟೆ
14 ಜನವರಿ 2025

ಆಶಾ,

ಇವತ್ತು ಸಂಕ್ರಾಂತಿ. ಎಳ್ಳುಬೆಲ್ಲ ತಿನ್ನುವಷ್ಟು ಬಾಯಿ ತೆರೆಯುತ್ತದೆ, ಕಬ್ಬಿಗೆ ತೆರೆಯುವುದಿಲ್ಲ. ಬೆರಳಿನ ಗಾಯ ಒಣಗುತ್ತಿದೆ. ಇಲ್ಲದ ತುದಿಯೂ ಚಳಿಗೆ ನೋಯುತ್ತದೆ. ಡಾಕ್ಟರಿಗೆ ಹೇಳಿದರೆ ಹಾಗಾಗುವುದುಂಟು ಎಂದರು.

ಭಾನುವಾರ ನೀನು ಬರುವ ಮೊದಲು ನಡೆದದ್ದು ಹೇಳುತ್ತೇನೆ. ಬೆಳಿಗ್ಗೆ ಲಿಂಗಪೂಜೆಗೆ ಹೋಗಿ ಕೂತೆ. ಅತ್ತೆ ತಂಬಿಗೆ ತಂದು ನನ್ನ ಮುಂದೆ ಇಟ್ಟರು. ಹೊಗೆಯಾಡುತ್ತಿತ್ತು. “ನಂಗೂ ವಯಸ್ಸಾತು, ತಣ್ಣೀರು ಆಗಕಿಲ್ಲ” ಎಂದರು. ನನ್ನ ಮುಖ ನೋಡಲಿಲ್ಲ. ಅವರಿಗೆ ಅಳತೆ ಗೊತ್ತಿಲ್ಲ, ನೀರು ಕುದಿಯುವಷ್ಟು ಬಿಸಿ ಇತ್ತು. ಆರುವವರೆಗೆ ಇಬ್ಬರೂ ಸುಮ್ಮನೆ ಕಾದೆವು. ಹೆದ್ದಾರಿಯಲ್ಲಿ ಲಾರಿಗಳು ಹೋಗುತ್ತಿದ್ದವು. ಆಮೇಲೆ ಅವರೇ ಬೆರಳು ಅದ್ದಿ ನೋಡಿ, ಈಗ ಹಾಕ್ಕೋ ಎಂದರು.

ಇನ್ನು ನೀನು ಹೋದ ಮೇಲಿನ ಸಮಾಚಾರ. ಅದಕ್ಕೇ ಈ ಕಾಗದ.

ಧೂಪದ ಹೊಗೆಗೆ ನನ್ನ ಕಣ್ಣು ಉರಿಯುತ್ತಿದ್ದದ್ದು, ನಿಮ್ಮಣ್ಣ ಬಂದವರ ಊಟದ ಏರ್ಪಾಟಿನಲ್ಲಿ ನನ್ನ ಔಷಧಿ ಮರೆತದ್ದು, ನೀನು ಪಕ್ಕದಲ್ಲಿ ಕೂತು ನಾನು ರೆಪ್ಪೆ ಬಡಿಯುವುದನ್ನು ನೋಡಿದ್ದು, ಅಷ್ಟು ನಿನಗೂ ಗೊತ್ತು. ಬಾಟಲಿ ಎಲ್ಲಿ ಎಂದು ನೀನು ಕೇಳಿದೆ. ಒಳಗೆ ಹೋಗೋಣ ಎಂದೆ ನಾನು. ಬೇಡ, ಇಲ್ಲೇ ಎಂದು ಎಲ್ಲರ ನಡುವೆ ನನ್ನ ಗದ್ದ ಹಿಡಿದು ಎತ್ತಿದೆ. ಬಾಟಲಿಯನ್ನು ಜೋರಾಗಿ ಹಿಸುಕಿಬಿಟ್ಟೆ. ಎರಡೂ ಕೆನ್ನೆಯ ಮೇಲೆ ಧಾರೆಯಾಗಿ ಇಳಿಯಿತು. ಆಮೇಲೆ ನೀನು ಎದ್ದು ನಿಂತು ಎಲ್ಲರಿಗೂ ಕೇಳಿಸುವ ಹಾಗೆ, ಹೋದ ವರ್ಷ ನಾನು ಆಡಿದ್ದು ತಪ್ಪು, ಇವಳಿಗೆ ಕಾಯಿಲೆ, ಇವಳ ಕಣ್ಣಲ್ಲಿ ನೀರು ಬರುವುದಿಲ್ಲ ಎಂದೆ. ಹೇಳುತ್ತಾ ಹೇಳುತ್ತಾ ನೀನೇ ಅತ್ತುಬಿಟ್ಟೆ. ನಾಲ್ಕರ ಬಸ್ಸಿಗೆ ಹೋದೆ.

ನೀನು ಹೇಳಿದ್ದನ್ನು ಯಾರೂ ಕೇಳಿಸಿಕೊಂಡಿಲ್ಲ, ಆಶಾ. ಅವರು ನೋಡುತ್ತಿದ್ದದ್ದು ನನ್ನ ಕೆನ್ನೆ. ನೀನು ಬಸ್ಸು ಹತ್ತಿದ ಮೇಲೆ ಮಾದೇವಮ್ಮನವರು ಬಂದು ನನ್ನನ್ನು ಎದೆಗೆ ಒರಗಿಸಿಕೊಂಡರು. “ಅಂತೂ ಒಂದ್ ವರ್ಸ ಆದ್ಮೇಲಾದ್ರೂ ಸೊಸೆಗೆ ದುಕ್ಕ ಬಂತು ನೋಡ್ರೇ. ಅತ್ಬುಡು ಮಗ, ಹಗುರಾಯ್ತದೆ” ಎಂದು ತಮ್ಮ ಸೆರಗಿನಿಂದ ನನ್ನ ಕಣ್ಣು ಒರೆಸಿದರು. ಉಳಿದವರೆಲ್ಲ ಒಬ್ಬೊಬ್ಬರಾಗಿ ಬಂದು ಬೆನ್ನು ಸವರಿದರು. ಅದು ಔಷಧಿ ಎಂದು ಹೇಳಲು ಬಾಯಿ ತೆರೆದೆ. ಆಮೇಲೆ ಬೇಡ ಅನ್ನಿಸಿತು. ಒಂದು ವರ್ಷ ಅವರು ಕಾದಿದ್ದರು, ಸಿಕ್ಕಿತು, ಹೋಗಲಿ. ಹಾಕಿದ ಔಷಧಿಯೆಲ್ಲ ಸೆರಗಿಗೆ ಹೋಯಿತಲ್ಲ, ಸಾಯಂಕಾಲ ಮತ್ತೆ ಹಾಕಿಸಿಕೊಳ್ಳಬೇಕು ಎಂದಷ್ಟೇ ಯೋಚಿಸುತ್ತಿದ್ದೆ.

ಅವರ ಸೆರಗು ಬೆಚ್ಚಗಿತ್ತು. ಆಗ ಮಾವನವರ ನೆನಪು ಬಂತು. ಕಣ್ಣೊಳಗೆ ಸೂಜಿ ಚುಚ್ಚಿದ ಹಾಗೆ ಉರಿಯಿತು, ನೀರು ಬರಲಿಲ್ಲ. ಅತ್ತದ್ದು ನಾನು ಆಗ. ಯಾರಿಗೂ ಗೊತ್ತಿಲ್ಲ, ನಿನಗೆ ಹೇಳುತ್ತಿದ್ದೇನೆ.

ಕುಯ್ಲು ಮುಗಿದ ಮೇಲೆ ಬಂದು ನಾಲ್ಕು ದಿನ ಇರು. ನೀನು ಅರ್ಧ ಬಾಟಲಿ ಖಾಲಿ ಮಾಡಿದ್ದೀಯ ಎಂದು ನಿಮ್ಮಣ್ಣ ಗೊಣಗುತ್ತಿದ್ದಾರೆ. ಮುಂದಿನ ಸಲ ಅಷ್ಟು ಬೇಡ. ಒಂದು ಕಣ್ಣಿಗೆ ಒಂದೇ ಹನಿ ಸಾಕು.

ನಿನ್ನ
ನೇತ್ರಾ